ಡ್ರೋನ್ ಹಿಡಿಯುವ ಹದ್ದುಗಳು

ಕೇಳುಗರಿಗೆ ನಮಸ್ಕಾರ.

ಊರಿನ ಮೇಲೆ ಹಾರುವ ಡ್ರೋನ್‌ಗೆ ಗುಂಡು ಹೊಡೆದರೆ ಅದು ಯಾರ ತಲೆ ಮೇಲೆ ಬೀಳುತ್ತದೋ ಹೇಳಕ್ಕಾಗಲ್ಲ. ಗುರಿ ತಪ್ಪಿದರೆ ಗುಂಡು ಎಲ್ಲಿಗೆ ಹೋಗುತ್ತದೋ, ಅದೂ ಗೊತ್ತಿಲ್ಲ. 2015ರಲ್ಲಿ ಪ್ಯಾರಿಸ್ಸಿನ ಅಧ್ಯಕ್ಷರ ಅರಮನೆ ಮೇಲೇ ಯಾರದೋ ಡ್ರೋನ್ ಸುಳಿದಾಡಿತು. ಫ್ರಾನ್ಸಿಗೆ ತಲೆನೋವು ಶುರುವಾಯಿತು. ಅಲ್ಲಿನ ವಾಯುಪಡೆ ಕಡೆಗೆ ನಂಬಿದ್ದು ಗೋಲ್ಡನ್ ಈಗಲ್ ಎಂಬ ದೊಡ್ಡ ಹದ್ದನ್ನು.

ಮೋಂ ದ ಮಾರ್ಸಾಂ ವಾಯುನೆಲೆಯಲ್ಲಿ ನಾಲ್ಕು ಹದ್ದುಗಳು ತಯಾರಾದವು. ದಾರ್ತಾನ್ಯಾಂ, ಆತೋಸ್, ಪೋರ್ತೋಸ್, ಅರಾಮಿಸ್. ಎಲ್ಲಾ ಫ್ರೆಂಚ್ ಕತೆಯ ಕತ್ತಿವೀರರ ಹೆಸರುಗಳೇ! ಮೊಟ್ಟೆಯಲ್ಲಿದ್ದಾಗಲೇ ಪಾಠ ಶುರು. ಮೊಟ್ಟೆ ಇಟ್ಟದ್ದು ಡ್ರೋನ್ ಮೇಲೆ, ಮರಿಗೆ ಮಾಂಸ ಕೊಟ್ಟದ್ದೂ ಅದರ ಮೇಲೆ. ಹಾಗಾಗಿ ಡ್ರೋನ್ ಕಂಡರೆ ಆ ಹಕ್ಕಿಗೆ ಹೆದರಿಕೆಯಿಲ್ಲ, ಹಸಿವು. 2017ರಲ್ಲಿ ಪತ್ರಕರ್ತರ ಮುಂದೆ ದಾರ್ತಾನ್ಯಾಂ ಸುಮಾರು 200 ಮೀಟರ್ ದೂರ ಹಾರಿ, ಡ್ರೋನನ್ನು ಕಾಲಲ್ಲಿ ಹಿಡಿದು ನೆಲಕ್ಕೆ ತಂದು, ಅದರ ಮೇಲೆ ರೆಕ್ಕೆ ಹರಡಿ ಕೂತಿತು. ತಿರುಗುವ ಬ್ಲೇಡು ತಾಗದಿರಲಿ ಅಂತ ಕಾಲಿಗೆ ತೊಗಲು ಮತ್ತು ಕೆವ್ಲಾರ್ ಎಂಬ ಬಲು ಗಟ್ಟಿ ನೂಲಿನ ಕವಚವನ್ನೂ ಹೊಲಿಸಿದ್ದರು.

ಆದರೆ ನೆದರ್‌ಲ್ಯಾಂಡ್ಸ್ ಪೊಲೀಸರ ಕತೆ ಬೇರೆ. 2016ರಲ್ಲಿ ಹದ್ದುಗಳನ್ನು ಕೆಲಸಕ್ಕೆ ಸೇರಿಸಿಕೊಂಡವರು 2017ರ ಕೊನೆಗೆ ಕೈಬಿಟ್ಟರು. ಖರ್ಚು ಎಣಿಸಿದ್ದಕ್ಕಿಂತ ಜಾಸ್ತಿ, ಕೆಲಸ ಕಡಿಮೆ. ಇನ್ನೊಂದು ಕಾರಣ ನನಗೆ ಬಲು ಇಷ್ಟ: ಹೇಳಿದ ಮಾತನ್ನು ಹದ್ದು ಎಲ್ಲಾ ಸಲ ಕೇಳುತ್ತಿರಲಿಲ್ಲವಂತೆ. ಯಾಕಾದರೂ ಕೇಳಬೇಕು ಹೇಳಿ? ಬೇಟೆಹಕ್ಕಿ ಸಾಕುವವರು ಅದನ್ನು ದಿನಾ ತಕ್ಕಡಿಯಲ್ಲಿ ತೂಗುತ್ತಾರೆ. ತೂಕ ಸ್ವಲ್ಪ ಏರಿತೋ, ಹೊಟ್ಟೆ ತುಂಬಿದೆ ಅಂತ ಅರ್ಥ. ಕರೆದರೂ ಬರಲ್ಲ, ಸುಮ್ನೆ ಮರದ ಮೇಲೆ ಕೂತಿರುತ್ತದೆ. ತೂಕ ತೀರಾ ಇಳಿದರೆ ಹಾರುವ ಶಕ್ತಿ ಇರಲ್ಲ. ಇಂಥ ಪ್ರಾಣಿಗೆ ಇಪ್ಪತ್ನಾಲ್ಕು ಗಂಟೆ ಕಾವಲು ಹಾಕೋದು ಹೇಗೆ?

ನಮ್ಮ ಸೇನೆಯೂ ಇದನ್ನು ಮಾಡಿ ನೋಡಿದೆ. 2022ರ ನವೆಂಬರಿನಲ್ಲಿ ಉತ್ತರಾಖಂಡದ ಔಲಿಯಲ್ಲಿ, ಅಮೆರಿಕದ ಜೊತೆಗಿನ ಸಮರಾಭ್ಯಾಸದಲ್ಲಿ 'ಅರ್ಜುನ್' ಎಂಬ ಹದ್ದನ್ನು ತೋರಿಸಿದರು. ಡ್ರೋನ್ ಸದ್ದು ಕೇಳಿ ಎಚ್ಚರಿಸುವುದು ನಾಯಿಯ ಕೆಲಸ, ಹಿಡಿಯುವುದು ಅರ್ಜುನನ ಕೆಲಸ. ಇದು ನಮ್ಮ ಮೀನು ಮಾರ್ಕೆಟ್ಟಿನ ಮೇಲೆ ಸುತ್ತುವ ಹದ್ದಿನ ಜಾತಿಯೇ. ತೂಕ ಒಂದು ಕಿಲೋ ಒಳಗೆ. ಸಣ್ಣ ಡ್ರೋನಾದರೆ ಸರಿ. ಭಾರ ಹೊತ್ತು ಬರುವ ದೊಡ್ಡದರ ಮುಂದೆ ಅದನ್ನು ಬಿಡುವುದು ನನಗಂತೂ ಒಪ್ಪಿಗೆಯಿಲ್ಲ.

ನಮಸ್ಕಾರ.