ನೆತ್ತಿಗೆ ಹತ್ತಿದ ಅಗುಳು ಎಲ್ಲಿಗೆ ಹೋಗುತ್ತದೆ?

ಕೇಳುಗರಿಗೆಲ್ಲ ನಮಸ್ಕಾರ.

ಊಟ ಮಾಡುವಾಗ ಮಾತಾಡಬೇಡ ಅಂತ ಚಿಕ್ಕವರಿದ್ದಾಗ ಬೈಸಿಕೊಂಡಿದ್ದು ನೆನಪಿದೆ ಅಲ್ವಾ? ಮಾತಿನ ನಡುವೆ ತುತ್ತು ನುಂಗಿದ್ದೇ ತಡ, ಜೋರು ಕೆಮ್ಮು, ಕಣ್ಣಲ್ಲಿ ನೀರು, ಮೂಗಿನಲ್ಲಿ ಸಾರಿನ ಉರಿ. ಪಕ್ಕದವರು ತಲೆ ಮೇಲೆ ಪಟಪಟ ತಟ್ಟುತ್ತಾರೆ. "ನೆತ್ತಿಗೆ ಹತ್ತಿತು, ಯಾರೋ ನೆನೆಸಿಕೊಳ್ತಾ ಇದ್ದಾರೆ" ಅನ್ನುತ್ತಾರೆ.

ನಾನು ಕಾರವಾರದಲ್ಲಿ ಬಹಳ ವರ್ಷ ಜೀವಶಾಸ್ತ್ರ ಕಲಿಸಿದವಳು. ತಲೆ, ಕುತ್ತಿಗೆಯ ಪಾಠ ಬಂದಾಗಲೆಲ್ಲ ಮಕ್ಕಳಿಗೆ ಮೊದಲು ಕೇಳುತ್ತಿದ್ದುದು ಇದನ್ನೇ. ಅನ್ನದ ಅಗುಳು ನಿಜವಾಗಿ ನೆತ್ತಿಗೆ ಹೋಗುತ್ತದಾ?

ಹೋಗುವುದಿಲ್ಲ. ಅಲ್ಲಿಗೆ ದಾರಿಯೇ ಇಲ್ಲ. ತಲೆಬುರುಡೆಯಲ್ಲಿ 22 ಮೂಳೆಗಳಿವೆ, ಅದರಲ್ಲಿ 8 ಮೂಳೆಗಳು ಸೇರಿ ಮಿದುಳನ್ನು ಪೆಟ್ಟಿಗೆಯ ಹಾಗೆ ಮುಚ್ಚಿಕೊಂಡಿವೆ, ಉಳಿದ 14 ಮುಖದವು. ಅಗುಳು ತಪ್ಪಿ ಹೋಗುವುದು ಗಂಟಲಿನಲ್ಲಿ. ಅಲ್ಲೊಂದು ಕೂಡುರಸ್ತೆ ಇದೆ. ಮೂಗಿನಿಂದ ಬಂದ ಗಾಳಿ, ಬಾಯಿಂದ ಬಂದ ಅನ್ನ ಎರಡೂ ಅಲ್ಲಿ ಸೇರುತ್ತವೆ. ಆಮೇಲೆ ಗಾಳಿ ಮುಂದಿನ ಕೊಳವೆಗೆ, ಅನ್ನ ಹಿಂದಿನ ಕೊಳವೆಗೆ. ಹೌದು, ಶ್ವಾಸನಾಳ ಮುಂದೆ, ಅನ್ನನಾಳ ಅದರ ಬೆನ್ನಿಗೆ. ತುಂಬಾ ಜನ ಇದನ್ನು ಉಲ್ಟಾ ತಿಳಿದಿರುತ್ತಾರೆ.

ಈಗ ಒಂದು ಕೆಲಸ ಮಾಡಿ. ಎರಡು ಬೆರಳನ್ನು ಗಂಟಲಮಣಿಯ ಮೇಲೆ ಮೆಲ್ಲಗೆ ಇಟ್ಟು ಎಂಜಲು ನುಂಗಿ. ಮಣಿ ಸರ್ರನೆ ಮೇಲೆ ಹೋಗಿ ಕೆಳಗೆ ಬಂತಲ್ವಾ? ಮೇಲೆ ಹೋದದ್ದು ನಿಮ್ಮ ಧ್ವನಿಪೆಟ್ಟಿಗೆ. ಅದು ಮೇಲೇರುವಾಗ ಎಲೆಯಂಥ ಒಂದು ಮುಚ್ಚಳ ಅದರ ಬಾಯಿಯ ಮೇಲೆ ಬಾಗುತ್ತದೆ, ಒಳಗೆ ಧ್ವನಿ ತಂತುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಬಾಯಿಯ ಹಿಂಬದಿಯ ಮೆತ್ತನೆಯ ಅಂಗುಳ ಮೇಲೆದ್ದು ಮೂಗಿನ ದಾರಿ ಮುಚ್ಚುತ್ತದೆ, ಉಸಿರು ಆ ಕ್ಷಣಕ್ಕೆ ನಿಲ್ಲುತ್ತದೆ. ಇಷ್ಟೆಲ್ಲ ಸುಮಾರು ಒಂದು ಸೆಕೆಂಡಿನಲ್ಲಿ! ಮಾತಾಡಬೇಕಾದರೆ ಇದೇ ಬಾಗಿಲು ತೆರೆಯಬೇಕು. ನುಂಗುವುದು, ಮಾತಾಡುವುದು ಒಟ್ಟಿಗೆ ಬಂದರೆ ಅಗುಳು ಗಾಳಿಯ ದಾರಿಗೆ ಇಣುಕುತ್ತದೆ, ಕೆಮ್ಮು ಅದನ್ನು ಹೊರಗೆ ಎಸೆಯುತ್ತದೆ. ಹಾಗೆ ಎಸೆದದ್ದರಲ್ಲಿ ಸ್ವಲ್ಪ ಮೂಗಿನ ಹಿಂಬದಿಗೆ ಹೋಗಿ ಉರಿಯುತ್ತದೆ. ನೆತ್ತಿಗೆ ಹತ್ತಿದ ಹಾಗೆ ಅನ್ನಿಸುವುದು ಅದಕ್ಕೇ.

ಹಾಗಾಗಿ ತಲೆ ತಟ್ಟಬೇಡಿ. ಕೆಮ್ಮಲು ಬಿಡಿ. ಆದರೆ ಯಾರಿಗಾದರೂ ಕೆಮ್ಮಲೂ ಆಗದೆ, ಮಾತೂ ಹೊರಡದೆ, ಗಂಟಲು ಹಿಡಿದುಕೊಂಡು ಒದ್ದಾಡುತ್ತಿದ್ದರೆ ದಾರಿ ಪೂರ್ತಿ ಕಟ್ಟಿದೆ ಅಂತ ಅರ್ಥ. ನೀರು ಕುಡಿಸಬೇಡಿ. ಅವರನ್ನು ಮುಂದಕ್ಕೆ ಬಾಗಿಸಿ, ಬೆನ್ನಿನ ಎರಡು ಹಲಗೆಗಳ ನಡುವೆ ಅಂಗೈಯ ಬುಡದಿಂದ 5 ಸಲ ಬಲವಾಗಿ ಹೊಡೆಯಿರಿ. ಹೋಗದಿದ್ದರೆ ಹಿಂದಿನಿಂದ ಸೊಂಟ ಬಳಸಿ ನಿಂತು, ಮುಷ್ಟಿಯನ್ನು ಹೊಕ್ಕುಳಿನ ಸ್ವಲ್ಪ ಮೇಲೆ ಇಟ್ಟು, 5 ಸಲ ಒಳಗೆ ಮೇಲಕ್ಕೆ ಒತ್ತಿ. ಪುಟ್ಟ ಕೂಸಿಗೂ ಬಸುರಿಗೂ ಹೊಟ್ಟೆ ಒತ್ತುವ ಹಾಗಿಲ್ಲ. ಜೊತೆಗೇ ಒಬ್ಬರು 108ಕ್ಕೆ ಫೋನ್ ಮಾಡಲಿ.

ನಮ್ಮ ಕರಾವಳಿಯಲ್ಲಿ ಇದಕ್ಕಿಂತ ಜಾಸ್ತಿ ಆಗುವುದು ಮೀನಿನ ಮುಳ್ಳಿನ ಗೋಳು. ನಮ್ಮ ಅತ್ತೆಗೆ ಒಮ್ಮೆ ತಾರ್ಲೆ ಮೀನಿನ ಮುಳ್ಳು ಸಿಕ್ಕಿಕೊಂಡಿತ್ತು. ಮನೆಯಲ್ಲಿ ಎಲ್ಲರೂ ಮಾಡುವ ಮದ್ದೇ ಮಾಡಿದೆವು, ಅನ್ನದ ಉಂಡೆ, ಬಾಳೆಹಣ್ಣು, ಮತ್ತೆ ಅನ್ನದ ಉಂಡೆ. ಮುಳ್ಳು ಇನ್ನೂ ಆಳಕ್ಕೆ ಹೋಯಿತು. ಮರುದಿನ ಗಂಟಲಿನ ಡಾಕ್ಟರು ಬಾಯಿಗೆ ದೀಪ ಹಿಡಿದು ಟಾನ್ಸಿಲ್‌ನಿಂದ ಅದನ್ನು ಚಿಮಟದಲ್ಲಿ ಎಳೆದರು. ಬಿಳಿ ಹತ್ತಿಯ ಮೇಲೆ ಇಟ್ಟಾಗ ನೋಡಿದೆ, ರೆಪ್ಪೆಯ ಕೂದಲಿನಷ್ಟು ಸಣ್ಣಗಿತ್ತು. ಟಾನ್ಸಿಲ್ ಮತ್ತು ನಾಲಿಗೆಯ ಬುಡ, ಮುಳ್ಳು ಹೆಚ್ಚಾಗಿ ನಾಟುವ ಜಾಗಗಳು. ದಯವಿಟ್ಟು ಉಂಡೆ ನುಂಗಿಸಬೇಡಿ, ಬೆರಳು ಹಾಕಿ ಕೆದಕಲೂ ಬೇಡಿ. ಅನ್ನನಾಳಕ್ಕೆ ಚುಚ್ಚಿದರೆ ಕೆಲಸ ಕೆಡುತ್ತದೆ.

ಇನ್ನು ಕುತ್ತಿಗೆಯ ಹಿಂಭಾಗ. ಅಲ್ಲಿ 7 ಮೂಳೆಗಳು. ಜಿರಾಫೆಗೂ ಏಳೇ. ಅವುಗಳ ಮೇಲೆ ಸುಮಾರು 5 ಕಿಲೋದ ತಲೆ. ಎಲ್ಲಕ್ಕಿಂತ ಮೇಲಿನ ಮೂಳೆಗೆ ಅಟ್ಲಾಸ್ ಅಂತ ಹೆಸರು, ಗ್ರೀಕರ ಕತೆಯಲ್ಲಿ ಆಕಾಶ ಹೊತ್ತವನ ಹೆಸರು ಅದು. ಅದನ್ನು ಮೊದಲ ಸಲ ಕೈಯಲ್ಲಿ ಹಿಡಿದಾಗ ನನಗೆ ನೆನಪಾಗಿದ್ದು ಮಾತ್ರ ನಮ್ಮ ಮನೆಗೆ ಬಂಗಡೆ ತರುತ್ತಿದ್ದ ಅಜ್ಜಿಯ ಸಿಂಬಿ. ಹಳೇ ಸೀರೆಯ ತುಂಡನ್ನು ಬಳೆಯ ಹಾಗೆ ಸುತ್ತಿ ತಲೆ ಮೇಲೆ ಇಟ್ಟು, ಅದರ ಮೇಲೆ ಬುಟ್ಟಿ. ಅಟ್ಲಾಸ್ ಕೂಡ ಹಾಗೇ ದುಂಡಗಿನ ಬಳೆ. ಅಜ್ಜಿಯ ಸಿಂಬಿ ಬುಟ್ಟಿಯನ್ನು ಹೊತ್ತ ಹಾಗೆ ಈ ಸಿಂಬಿ ತಲೆಯನ್ನು ಹೊತ್ತಿದೆ. ಹೌದು ಅಂತ ತಲೆಯಾಡಿಸುವಾಗ ಬುರುಡೆ ಈ ಬಳೆಯ ಮೇಲೆ ತೂಗುತ್ತದೆ. ಇಲ್ಲ ಅನ್ನುವಾಗ ಬಳೆ ಬುರುಡೆಯನ್ನು ಹೊತ್ತುಕೊಂಡೇ ಎರಡನೇ ಮೂಳೆಯ ಗೂಟದ ಸುತ್ತ ತಿರುಗುತ್ತದೆ. ಆ ಅಜ್ಜಿ ಬುಟ್ಟಿ ಹೊತ್ತಾಗ ಯಾರು ಕರೆದರೂ ಕತ್ತು ತಿರುಗಿಸುತ್ತಿರಲಿಲ್ಲ, ಇಡೀ ಮೈ ತಿರುಗಿಸುತ್ತಿದ್ದರು. ಅಂಥ ಹೊರೆಯ ಕೆಳಗೆ ಕತ್ತು ತಿರುಚಬಾರದು ಅಂತ ಅವರಿಗೆ ಯಾವ ಪುಸ್ತಕವೂ ಹೇಳಿಕೊಟ್ಟಿರಲಿಲ್ಲ.

ಕೊನೆಗೆ ನೆತ್ತಿಗೇ ಬರುತ್ತೇನೆ. ನಿಜವಾಗಿ ತೆರೆದ ನೆತ್ತಿ ಇರುವುದು ಕೂಸುಗಳಿಗೆ. ಹುಟ್ಟುವಾಗ ಬುರುಡೆಯ ಮೂಳೆಗಳು ಇನ್ನೂ ಕೂಡಿರುವುದಿಲ್ಲ. ಕೂಡಿದ್ದರೆ ಹೆರಿಗೆಯಾಗುವುದೇ ಕಷ್ಟ, ಮಿದುಳು ಬೆಳೆಯುವುದಕ್ಕೂ ಜಾಗ ಇರುತ್ತಿರಲಿಲ್ಲ. ಮುಂದಿನ ನೆತ್ತಿ ಸಾಮಾನ್ಯವಾಗಿ ಒಂದೂವರೆ ವರ್ಷದ ಹೊತ್ತಿಗೆ ತಾನಾಗಿ ಮುಚ್ಚುತ್ತದೆ. ಎಣ್ಣೆ ಹಾಕಿದರೂ ಅಷ್ಟೇ, ಹಾಕದಿದ್ದರೂ ಅಷ್ಟೇ. ಆದರೆ ಎಣ್ಣೆ ಹಚ್ಚುವ ಕೈ ಒಂದನ್ನು ಗಮನಿಸಲಿ. ಮಗುವಿಗೆ ಭೇದಿಯಾಗಿ ನೆತ್ತಿ ಗುಳಿ ಬಿದ್ದಿದ್ದರೆ ಮೈಯಲ್ಲಿ ನೀರು ಕಡಿಮೆಯಾಗಿದೆ. ಜ್ವರ ಇದ್ದು, ಅಳದೆ ಇರುವಾಗಲೂ ನೆತ್ತಿ ಉಬ್ಬಿ ಬಿಗಿಯಾಗಿದ್ದರೆ ಅದೂ ಅಪಾಯ. ಎರಡಕ್ಕೂ ಆ ಹೊತ್ತಿಗೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಬೆಳಗಾಗಲಿ ಅಂತ ಕಾಯಬೇಡಿ. ಚೆನ್ನಾಗಿರುವ ಕೂಸಿನ ನೆತ್ತಿ ಮೆತ್ತಗೆ, ಸಮನಾಗಿ ಇರುತ್ತದೆ. ಬೆರಳು ಹಗುರವಾಗಿ ಇಟ್ಟರೆ ಎದೆಯ ಬಡಿತ ಅಲ್ಲೂ ಸಿಗುತ್ತದೆ.

ನಮಸ್ಕಾರ.