ಕ್ಯೂಬಿಟ್‌ನ ಲಯ ಕಾಯುವ ಬಗೆ

ಹಾಸನ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ. ಕ್ವಾಂಟಂ ಕಂಪ್ಯೂಟರ್ ಎಂದೊಡನೆ ಎಲ್ಲರೂ ಅದರ ವೇಗವನ್ನೇ ಕೇಳುತ್ತಾರೆ. ದಯವಿಟ್ಟು ಆ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಬದಿಗಿಡಿ. ಲೆಕ್ಕ ಮುಗಿಯುವವರೆಗೆ, ಆ ಕಂಪ್ಯೂಟರಿನಲ್ಲಿ ಮಾಹಿತಿಯ ಅತಿ ಸಣ್ಣ ಘಟಕವಾದ ಕ್ಯೂಬಿಟ್‌ನ ಲಯ ಉಳಿಯುತ್ತದೆಯೇ ಎಂಬುದೇ ಮೊದಲ ಪ್ರಶ್ನೆ.

ಸಾಮಾನ್ಯ ಕಂಪ್ಯೂಟರಿನ ಘಟಕವಾದ ಬಿಟ್ ಸೊನ್ನೆಯಾಗಿರುತ್ತದೆ, ಇಲ್ಲವೇ ಒಂದಾಗಿರುತ್ತದೆ. ಕ್ಯೂಬಿಟ್ ಎರಡನ್ನೂ ಒಂದು ಲಯದಲ್ಲಿ ಹಿಡಿದಿರುತ್ತದೆ. ಶಾಖವಾಗಲಿ, ಕಾಂತಕ್ಷೇತ್ರದ ಸಣ್ಣ ಏರುಪೇರಾಗಲಿ, ಯಾವುದು ತಗುಲಿದರೂ ಆ ಲಯ ತಪ್ಪುತ್ತದೆ. ಆದ್ದರಿಂದಲೇ ಅತಿವಾಹಕ, ಅಂದರೆ ವಿದ್ಯುತ್ತು ತಡೆಯಿಲ್ಲದೆ ಹರಿಯುವ ಲೋಹದಿಂದ ಮಾಡಿದ, ಕ್ಯೂಬಿಟ್‌ಗಳನ್ನು ನಿರಪೇಕ್ಷ ಶೂನ್ಯಕ್ಕಿಂತ, ಅಂದರೆ ಮೈನಸ್ 273.15 ಡಿಗ್ರಿಗಿಂತ, ಡಿಗ್ರಿಯ ಸುಮಾರು ನೂರರಲ್ಲೊಂದು ಪಾಲು ಮಾತ್ರ ಮೇಲಿರುವ ಚಳಿಯಲ್ಲಿ ಇಡುತ್ತಾರೆ. ಅಷ್ಟಾದರೂ ಈ ಏರುಪೇರುಗಳ ಗದ್ದಲ ಪೂರ್ತಿ ಅಡಗುವುದಿಲ್ಲ.

ತಪ್ಪಿದ ಲಯವನ್ನು ಮರಳಿ ಕೂಡಿಸುವ ಉಪಾಯವನ್ನು 1950ರಲ್ಲಿ ಅಮೆರಿಕದ ಭೌತವಿಜ್ಞಾನಿ ಎರ್ವಿನ್ ಹಾನ್ ಪರಮಾಣು ನ್ಯೂಕ್ಲಿಯಸ್‌ಗಳಲ್ಲಿ ತೋರಿಸಿದರು. ಬೇಲೂರಿನ ಹತ್ತಿರದ ಒಂದು ಪ್ರೌಢಶಾಲೆಯ ಮೈದಾನದಲ್ಲಿ ನಾನು ಅದನ್ನು ಮಕ್ಕಳಿಂದಲೇ ಆಡಿಸಿದ್ದೇನೆ. ಸುಣ್ಣದ ಗೆರೆಯ ಮೇಲೆ ಹನ್ನೆರಡು ಮಕ್ಕಳು ನಿಂತರು. ಹತ್ತೆಣಿಸುವಷ್ಟರಲ್ಲಿ ಉದ್ದ ಕಾಲಿನ ಹುಡುಗನೊಬ್ಬ ಬೇಲಿಯ ಬಳಿ ಇದ್ದ. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದ ಪುಟ್ಟ ಹುಡುಗಿ ಅರ್ಧ ದಾರಿಯನ್ನೂ ದಾಟಿರಲಿಲ್ಲ. ಸೀಟಿ ಊದಿದೆ, ಎಲ್ಲರೂ ಹಿಂದಿರುಗಿ ಅದೇ ವೇಗದಲ್ಲಿ ಓಡಿದರು. ಮತ್ತೆ ಹತ್ತೆಣಿಸುವಷ್ಟರಲ್ಲಿ ಹನ್ನೆರಡು ಮಂದಿಯೂ ಒಟ್ಟಿಗೇ ಗೆರೆ ಮುಟ್ಟಿದರು! ಯಾರ ವೇಗ ಎಷ್ಟೆಂದು ನಾನು ಅಳೆದಿರಲೇ ಇಲ್ಲ ಎಂಬುದನ್ನು ಗಮನಿಸಿ. ಎರಡನೆಯ ಸಲ ಮೂವತ್ತು ಎಣಿಸಿದ ಮೇಲೆ ಸೀಟಿ ಊದಿದೆ. ಬರುವಾಗ ಮಕ್ಕಳು ದಣಿದಿದ್ದರಿಂದ ಸಾಲು ಚದುರಿಹೋಯಿತು. ಮೂರನೆಯ ಸಲ ಐದೈದು ಎಣಿಕೆಗೆ ಸೀಟಿ ಊದುತ್ತಲೇ ಇದ್ದೆ. ದಣಿವು ಏರುವುದರೊಳಗೆ ಹೋದ ದಾರಿಯೂ ಬಂದ ದಾರಿಯೂ ಸರಿದೂಗಿ, ಸಾಲು ಬಹುಮಟ್ಟಿಗೆ ಉಳಿಯಿತು.

ಕ್ಯೂಬಿಟ್‌ಗೆ ಸೀಟಿಯೆಂದರೆ ಅದನ್ನು ಅರ್ಧ ಸುತ್ತು ತಿರುಗಿಸುವ ಮೈಕ್ರೋವೇವ್ ಮಿಡಿತ. ಮಕ್ಕಳ ವೇಗದ ವ್ಯತ್ಯಾಸವೇ ಲಯ ತಪ್ಪಿಸುವ ಗದ್ದಲ, ದಣಿವೇ ಆ ಗದ್ದಲದ ಬದಲಾವಣೆ. ನಿಧಾನವಾಗಿ ಬದಲಾಗುವ ಗದ್ದಲದ ಪರಿಣಾಮವನ್ನು ಈ ಮಿಡಿತಗಳ ಸಾಲು ಬಹುಮಟ್ಟಿಗೆ ತೊಡೆದುಹಾಕುತ್ತದೆ. ವೇಗದ ಮಾತು ಆಮೇಲೆ. ಮೊದಲು ಲಯ ಉಳಿಯಬೇಕು.

ಆ ಪುಟ್ಟ ಹುಡುಗಿಯೇ ಏದುಸಿರು ಬಿಡುತ್ತಾ ಕೇಳಿದಳು: "ಸರ್, ಸೀಟಿ ಊದೋದರಲ್ಲೇ ತಪ್ಪಾದರೆ?" ಇಷ್ಟು ಒಳ್ಳೆಯ ಪ್ರಶ್ನೆಯನ್ನು ದೊಡ್ಡವರು ನನ್ನನ್ನು ಕೇಳಿದ್ದಿಲ್ಲ. ಮಿಡಿತದಲ್ಲೂ ತಪ್ಪು ನುಸುಳುತ್ತದೆ, ಆ ತಪ್ಪು ಕೂಡುತ್ತಾ ಹೋಗುತ್ತದೆ. ಅದಕ್ಕೆ ಅಮೆರಿಕದ ಗಣಿತಜ್ಞ ಪೀಟರ್ ಶೋರ್ 1995ರಲ್ಲಿ, ಒಂದು ಕ್ಯೂಬಿಟ್‌ನ ಮಾಹಿತಿಯನ್ನು ಒಂಬತ್ತರಲ್ಲಿ ಹಂಚಿಟ್ಟು ತಪ್ಪನ್ನು ತಿದ್ದುವ ದಾರಿ ಕೊಟ್ಟರು. ವೇಳೆ ಮುಗಿಯುತ್ತಿರುವುದರಿಂದ ಇಷ್ಟನ್ನು ಮಾತ್ರ ಹೇಳುತ್ತೇನೆ: 2024ರಲ್ಲಿ ಗೂಗಲ್‌ನ ವಿಲೋ ಚಿಪ್ಪಿನಲ್ಲಿ 101 ಕ್ಯೂಬಿಟ್‌ಗಳು ಸೇರಿ ಕಾಪಾಡಿದ ಒಂದು ಕ್ಯೂಬಿಟ್‌ನ ಮಾಹಿತಿ, ಅವುಗಳಲ್ಲೇ ಅತ್ಯುತ್ತಮವಾದ ಒಂಟಿ ಕ್ಯೂಬಿಟ್‌ಗಿಂತ ಎರಡು ಪಟ್ಟಿಗೂ ಹೆಚ್ಚು ಹೊತ್ತು ಬಾಳಿತು. ನಮಸ್ಕಾರ.