ರಾತ್ರಿ ಅಲ್ಲೇ ಉಳಿಯಿರಿ

ಕೇಳುಗರಿಗೆಲ್ಲ ನಮಸ್ಕಾರ. ಡಾಕ್ಟರಾಗಲು ಓದುತ್ತಿರುವ ಮಕ್ಕಳು ಹಳ್ಳಿಯಲ್ಲಿ ತರಬೇತಿ ಪಡೆಯುವ ಬಗ್ಗೆ ಮಾತಾಡಿ ಅಂತ ಆಕಾಶವಾಣಿಯವರು ಕರೆದಿದ್ದಾರೆ. ನಾನು ಹೇಳಬೇಕಾದದ್ದು ಒಂದೇ ಮಾತು. ಹಳ್ಳಿಗೆ ಹೋದರೆ ರಾತ್ರಿ ಅಲ್ಲೇ ಉಳಿಯಿರಿ.

ಈಗ ಏನಾಗುತ್ತಿದೆ ನೋಡಿ. ಕಾಲೇಜಿನ ಬಸ್ಸು ಬೆಳಿಗ್ಗೆ ಹೊರಟು ಹಳ್ಳಿ ಶಾಲೆಯ ಅಂಗಳದಲ್ಲಿ ನಿಲ್ಲುತ್ತದೆ. ಬಿಳಿ ಕೋಟಿನ ಮಕ್ಕಳು ಇಳಿಯುತ್ತಾರೆ, ಬಿಪಿ ನೋಡುತ್ತಾರೆ, ಫಾರಂ ತುಂಬುತ್ತಾರೆ, ಬ್ಯಾನರ್ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಾರೆ. ಮೂರು ಗಂಟೆಗೆ ವಾಪಸ್. ಕಾರವಾರದ ಮೀನು ಮಾರ್ಕೆಟ್ಟಿಗೆ ಹೋಗಿ, ಬಂಗುಡೆ ರೇಟು ಕೇಳಿ, ಬರಿಗೈಲಿ ಮನೆಗೆ ಬಂದ ಹಾಗೆ. ಆ ಹೊತ್ತಿಗೆ ಊರಲ್ಲಿ ಯಾರಿರುತ್ತಾರೆ ಹೇಳಿ? ಗಂಡಸರು ತೋಟಕ್ಕೋ ದೋಣಿಗೋ ಹೋಗಿರುತ್ತಾರೆ. ಹೆಂಗಸರು ಬೆಟ್ಟಕ್ಕೆ ಹೋಗಿರುತ್ತಾರೆ. ಸಿಗುವವರು ಅಜ್ಜ ಅಜ್ಜಿಯರು. ಅವರ ಬಿಪಿಯನ್ನು ಹೋದ ತಿಂಗಳ ಬ್ಯಾಚೂ ನೋಡಿತ್ತು.

ನಿಯಮಗಳಿಗೇನೂ ಬರ ಇಲ್ಲ. ಡಾಕ್ಟರ ಓದಿನಲ್ಲಿ ಊರಿನ ಆರೋಗ್ಯವೂ ಸೇರಬೇಕು ಅಂತ 1946ರಲ್ಲೇ, ದೇಶದ ಆರೋಗ್ಯ ವ್ಯವಸ್ಥೆ ಪರಿಶೀಲಿಸಿದ ಭೋರ್ ಸಮಿತಿ ಹೇಳಿತ್ತು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮದಲ್ಲಿ ಇಂಟರ್ನ್‌ಶಿಪ್ಪಿನ 52 ವಾರಗಳಲ್ಲಿ 12 ವಾರ ಸಮುದಾಯ ವೈದ್ಯಶಾಸ್ತ್ರಕ್ಕೆ, ಅಂದರೆ ಊರಿನ ಆರೋಗ್ಯ ನೋಡುವ ವಿಭಾಗಕ್ಕೆ ಇದೆ. ಪಿಜಿ ಓದುವವರು ಮೂರು ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ದುಡಿಯಬೇಕು. ಎಂಬಿಬಿಎಸ್ ಮಕ್ಕಳು ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು ನೋಡಿಕೊಳ್ಳಬೇಕು. ಎಲ್ಲ ಸರಿ. ಆದರೆ ಪುಸ್ತಕಕ್ಕೆ ಸಹಿ ಬಿದ್ದ ಕೂಡಲೇ ಮಕ್ಕಳು ಬಸ್ಸು ಹತ್ತುತ್ತಾರೆ.

ಒಂದು ಸಂಗತಿ ಹೇಳುತ್ತೇನೆ. ನನ್ನ ವಿದ್ಯಾರ್ಥಿಗಳಿಗೆ ಇದನ್ನು ಕೇಳಿ ಕೇಳಿ ಸಾಕಾಗಿದೆ, ನೀವಾದರೂ ಕೇಳಿ. ಘಟ್ಟದ ಮೇಲೆ, ನಮ್ಮ ಉತ್ತರ ಕನ್ನಡ ಜಿಲ್ಲೆಯ ಶಿರಸಿ ಕಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಬೆಂಗಳೂರಲ್ಲೇ ಹುಟ್ಟಿ ಬೆಳೆದ ಒಬ್ಬ ಇಂಟರ್ನ್ ಆ ರಾತ್ರಿ ಅಲ್ಲಿದ್ದ. ಸೇವೆಯ ಹುಮ್ಮಸ್ಸಿನಿಂದ ಏನೂ ಅಲ್ಲ, ಕೊನೆ ಬಸ್ಸು ತಪ್ಪಿಹೋಗಿತ್ತು! ಏಳು ಗಂಟೆಗೆ ಜೀಪಿನಲ್ಲಿ ಒಬ್ಬ ಹೆಂಗಸನ್ನು ತಂದರು. ಕೊಟ್ಟಿಗೆಗೆ ಹಾಸುವ ದರಕು, ಅಂದರೆ ಒಣ ಎಲೆ, ಒಟ್ಟುಮಾಡುವಾಗ ಪಾದಕ್ಕೆ ಹಾವು ಕಚ್ಚಿತ್ತು. ಕಾಲು ಊದಿತ್ತು. ನಮ್ಮ ಹುಡುಗ, ‘ಸಿಸ್ಟರ್, ರಕ್ತ ಹೆಪ್ಪುಗಟ್ಟುವ ಟೆಸ್ಟಿಗೆ ಲ್ಯಾಬಿಗೆ ಕಳಿಸಿ’ ಅಂದ. ಲ್ಯಾಬಿನವರು ಸಂಜೆಯೇ ಮನೆಗೆ ಹೋಗಿದ್ದರು. ಇದ್ದಿದ್ದರೂ ಅವನು ಕೇಳಿದ ಟೆಸ್ಟಿನ ಮಷೀನು ಅಲ್ಲಿರಲಿಲ್ಲ.

ಸಿಸ್ಟರ್ ವಾದ ಮಾಡಲಿಲ್ಲ. ಕಪಾಟಿನಿಂದ ಹೊಸದೊಂದು ಗಾಜಿನ ಟ್ಯೂಬು ತೆಗೆದರು. ಗಾಜಿನದೇ ಆಗಬೇಕು, ಒಣಗಿರಬೇಕು, ಸೋಪು ತಾಗಿರಬಾರದು. ಅದರಲ್ಲಿ ಎರಡು ಎಂಎಲ್ ರಕ್ತ ಹಾಕಿ ಮೇಜಿನ ಮೇಲೆ ನಿಲ್ಲಿಸಿದರು. ‘ಇಪ್ಪತ್ತು ನಿಮಿಷ ಮುಟ್ಟಬೇಡಿ ಸರ್, ಅಲ್ಲಾಡಿಸಲೂ ಬೇಡಿ’ ಅಂತ ಗೋಡೆ ಗಡಿಯಾರ ತೋರಿಸಿದರು. ಆಮೇಲೆ ಬಾಲ್ ಪೆನ್ನು ಕೊಟ್ಟು, ಬಾವು ಎಲ್ಲಿವರೆಗೆ ಏರಿದೆಯೋ ಅಲ್ಲಿ ಗೆರೆ ಹಾಕಿ ಟೈಮು ಬರೆಯಲು ಹೇಳಿದರು. ಇಪ್ಪತ್ತು ನಿಮಿಷ ಆದ ಮೇಲೆ ಟ್ಯೂಬು ಓರೆ ಮಾಡಿದರೆ ರಕ್ತ ಸರಾಗ ಹರಿಯಿತು. ಹೆಪ್ಪುಗಟ್ಟಿಯೇ ಇಲ್ಲ. ಅಂದರೆ ಕೊಳಕುಮಂಡಲದಂಥ ಹಾವಿನ ವಿಷ ರಕ್ತಕ್ಕೆ ಸೇರಿದೆ ಅಂತ ಅರ್ಥ.

ವಿಷ ಇಳಿಸುವ ಔಷಧಿ ಅಲ್ಲಿತ್ತು. ಹತ್ತು ವಯಲ್ ಬೇಕು. ಪುಡಿಗೆ ನೀರು ಸೇರಿಸಿ, ಜೋರಾಗಿ ಕುಲುಕದೆ, ಅಂಗೈಯಲ್ಲಿ ಮೆಲ್ಲಗೆ ಹೊರಳಿಸಬೇಕು. ಕುಲುಕಿದರೆ ನೊರೆ ಬರುತ್ತದೆ. ಹುಡುಗ ಕೈ ನಡುಗುತ್ತಿದ್ದರೂ ಒಂದೊಂದಾಗಿ ಹೊರಳಿಸಿದ. ಅಲರ್ಜಿ ಆದರೆ ಅಂತ ಅಡ್ರಿನಾಲಿನ್ ಪಕ್ಕದಲ್ಲೇ ತಯಾರಿತ್ತು. ಡ್ರಿಪ್ ಹಚ್ಚಿಕೊಂಡೇ 108ರಲ್ಲಿ ತಾಲೂಕು ಆಸ್ಪತ್ರೆಗೆ ಹೋದರು. ಆಕೆ ಉಳಿದುಕೊಂಡರು.

ನನಗೆ ಇದಕ್ಕಿಂತ ಮುಖ್ಯ ಅನಿಸುವುದು ಆಮೇಲಿನದು. ಕಚ್ಚಿದ್ದು ನಾಲ್ಕು ಗಂಟೆಗೆ, ಬಂದದ್ದು ಏಳಕ್ಕೆ. ಹುಡುಗ ಕೇಸ್ ಶೀಟಿನಲ್ಲಿ ‘ತಡವಾಗಲು ಕಾರಣ: ಅಜ್ಞಾನ’ ಅಂತ ಬರೆದಿದ್ದ. ಮರುದಿನ ಆಶಾ ಕಾರ್ಯಕರ್ತೆಯ ಜೊತೆ ಆ ಹೆಂಗಸಿನ ಮನೆಗೆ ನಡೆದ. ಹಳ್ಳದ ಸಂಕ, ಅಂದರೆ ಕಾಲುಸೇತುವೆ, ದಾಟಬೇಕು, ಆಮೇಲೆ ಏರು. ಮನೆಯಲ್ಲಿ ಅತ್ತೆ ಇದ್ದರು. ‘ತಮಾ, ಆಸರಿಗೆ ಬೇಕಾ?’ ಅಂತ ಕೇಳಿ ಮಜ್ಜಿಗೆ ಕೊಟ್ಟು ಎಲ್ಲ ಹೇಳಿದರು. ಫೋನಿನ ಸಿಗ್ನಲ್ ಸಿಗುವುದು ಗುಡ್ಡದ ನೆತ್ತಿಯಲ್ಲಿ ಮಾತ್ರ. ಕೇರಿಗೆಲ್ಲ ಜೀಪು ಒಂದೇ, ಅದು ಅಡಿಕೆ ಹೇರಿಕೊಂಡು ಪೇಟೆಗೆ ಹೋಗಿತ್ತು. ಸೊಸೆಯನ್ನು ಕಂಬಳಿಯಲ್ಲಿ ಹೊತ್ತು ಸಂಕದ ಈಚೆ ತಂದು, ಜೀಪು ಬರುವವರೆಗೆ ಕೂತಿದ್ದರು. ಹುಡುಗ ವಾಪಸ್ ಬಂದವನೇ ‘ಅಜ್ಞಾನ’ ಹೊಡೆದುಹಾಕಿ, ‘ಸಿಗ್ನಲ್ ಇಲ್ಲ, ಜೀಪು ಒಂದೇ’ ಅಂತ ಬರೆದ. ಮೂರು ಗಂಟೆಯ ಬಸ್ಸು ಹತ್ತಿದ್ದರೆ ಇದು ಗೊತ್ತಾಗುತ್ತಿತ್ತಾ? ಅದಕ್ಕೇ ಹೇಳುವುದು, ರಾತ್ರಿ ಅಲ್ಲೇ ಉಳಿಯಿರಿ.

ಕತೆ ಉದ್ದವಾಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಮಂಗನ ಕಾಯಿಲೆ 1957ರಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು. ನಮ್ಮ ಸಿದ್ದಾಪುರದವರಿಗೆ ಅದರ ಪರಿಚಯ ಮಾಡಿಕೊಡಬೇಕಾಗಿಲ್ಲ. ಡಿಸೆಂಬರಿನಿಂದ ಮೇವರೆಗೆ ಜ್ವರ ಅಂತ ಬಂದವರನ್ನು ಮೊದಲು ಕೇಳಬೇಕು: ಬೆಟ್ಟಕ್ಕೆ ಹೋಗಿದ್ದಿರಾ, ಉಣುಗು, ಅಂದರೆ ಉಣ್ಣೆ ಹುಳ, ಕಚ್ಚಿತ್ತಾ, ಹತ್ತಿರದಲ್ಲಿ ಮಂಗ ಸತ್ತಿದೆಯಾ? ಕಾಡಿಗೆ ಹೋಗುವಾಗ ಉಣುಗು ಕಚ್ಚದ ಹಾಗೆ ಡೇಪಾ ಎಣ್ಣೆ ಹಚ್ಚಿಕೊಳ್ಳಿ ಅಂತ ಭಾಷಣ ಮಾಡುವುದು ಸುಲಭ. ಬೆಳಗಿನ ಗಡಿಬಿಡಿಯಲ್ಲಿ ಆ ಬಾಟಲಿ ಮನೆಯ ಯಾವ ಮೂಲೆಯಲ್ಲಿರುತ್ತದೆ ಅಂತ ನೋಡಿದವರಿಗೆ ಮಾತ್ರ ಅದನ್ನು ಹೇಳುವ ರೀತಿ ಗೊತ್ತಾಗುತ್ತದೆ. ಮಳೆಗಾಲದಲ್ಲಿ ಗದ್ದೆಗೆ ಇಳಿದವರಿಗೆ ಬರುವ ಇಲಿ ಜ್ವರದ್ದೂ ಇದೇ ಕತೆ.

ದೊಡ್ಡ ಆಸ್ಪತ್ರೆ ಬೇಕು ಅಂತ ಜಿಲ್ಲೆಯವರು ವರ್ಷಗಳಿಂದ ಕೇಳುತ್ತಿದ್ದೇವೆ. ಮಣಿಪಾಲ, ಹುಬ್ಬಳ್ಳಿ, ಗೋವಾ ಅಂತ ಓಡಿ ಸಾಕಾಗಿದೆ. ಕೇಳಬೇಕಾದದ್ದೇ. ಆದರೆ ಆ ಆಸ್ಪತ್ರೆಯ ಬಾಗಿಲಿಗೆ ರೋಗಿ ಜೀವಂತ ತಲುಪಬೇಕಲ್ವಾ? ಅದಕ್ಕೆ ಗಾಜಿನ ಟ್ಯೂಬು ಬಲ್ಲ ಡಾಕ್ಟರು ಹಳ್ಳಿಯಲ್ಲಿರಬೇಕು. ಓದುವಾಗಲೇ ಹಳ್ಳಿಯಲ್ಲಿ ಕಲಿಸಿ, ಹಳ್ಳಿಯ ಮಕ್ಕಳಿಗೆ ಸೀಟು ಕೊಡಿ, ಅಂಥವರು ಅಲ್ಲಿ ನಿಲ್ಲುವುದು ಜಾಸ್ತಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲೇ ಹೇಳಿದೆ. ನಾವು ಓದಿನ ಉದ್ದಕ್ಕೂ ಊರಲ್ಲಿ ಒಂದು ರಾತ್ರಿ ಕಳೆಯಲು ಬಿಡುವುದಿಲ್ಲ. ಡಿಗ್ರಿ ಕೈಗೆ ಬಂದ ಮೇಲೆ ಕೆಲವರನ್ನು ಒಂದು ವರ್ಷ ಕಡ್ಡಾಯ ಸೇವೆ ಅಂತ ಕಳಿಸುತ್ತೇವೆ. ಮಕ್ಕಳು ಅದನ್ನು ಶಿಕ್ಷೆ ಅಂದುಕೊಳ್ಳದೆ ಇನ್ನೇನು ಅಂದುಕೊಳ್ಳಬೇಕು?

ಹೆತ್ತವರು ಕೇಳುತ್ತಿದ್ದರೆ ಅವರಿಗೊಂದು ಮಾತು. ಹಳ್ಳಿಯಲ್ಲಿ ಕೂತರೆ ಪಿಜಿ ಸೀಟು ತಪ್ಪುತ್ತದೆ ಅಂತ ನನಗೆ ಫೋನ್ ಮಾಡುತ್ತೀರಿ. ನೀಟ್ ಪುಸ್ತಕವನ್ನು ಹಳ್ಳಿಗೂ ಒಯ್ಯಬಹುದು. ಭಾರ ಇರುತ್ತದೆ, ಆದರೆ ಒಯ್ಯಬಹುದು. ವಿದ್ಯಾರ್ಥಿಗಳೇ, ಪೋಸ್ಟಿಂಗ್ ಪಟ್ಟಿ ಬಂದಾಗ ದೂರದ ಕೇಂದ್ರವನ್ನೇ ಬರೆದುಕೊಡಿ. ಕಾಡಿನ ನಡುವಿನ ಜೋಯಿಡಾ ತಾಲೂಕು ಆದರೆ ಇನ್ನೂ ಒಳ್ಳೆಯದು.

ಇನ್ನು ಪಂಚಾಯ್ತಿಯವರು. ಮಕ್ಕಳು ಉಳಿಯಬೇಕಾದರೆ ಜಾಗ ಬೇಕಲ್ಲ. ಒಂದು ರೂಮು, ಅದಕ್ಕೆ ಕರೆಂಟು, ನಲ್ಲಿಯಲ್ಲಿ ನೀರು, ಒಳಗಿನಿಂದ ಚಿಲಕ ಹಾಕಲು ಬರುವ ಬಚ್ಚಲು. ಈಗ ಡಾಕ್ಟರಾಗುವವರಲ್ಲಿ ಹೆಣ್ಣುಮಕ್ಕಳು ಎಷ್ಟೊಂದು ಜನ ಇದ್ದಾರೆ, ಚಿಲಕ ಮರೆಯಬೇಡಿ. ಊಟಕ್ಕೆ ನಾನು ಹೇಳಬೇಕಾಗಿಲ್ಲ, ನೀವು ಹೇಗೂ ಹಾಕುತ್ತೀರಿ. ನಮಸ್ಕಾರ.